ನಿದ್ದೆಯಲ್ಲಿ ಕೈಕಾಲು ಬೀಸುವುದು ಪಾರ್ಕಿನ್ಸನ್ ಲಕ್ಷಣವೇ?

ಚನ್ನಗಿರಿಯ ನಿಮ್ಮ ಅಪ್ಪಾಜಿ ಬೆಳಗಿನ ಜಾವ "ಹಂದಿ ಬಂತು, ಓಡಿಸ್ರೋ" ಅಂತ ಕೂಗಿ ಗೋಡೆಗೆ ಗುದ್ದುತ್ತಾರೆ, ಇದು ಪಾರ್ಕಿನ್ಸನ್ನಾ (ಕೈಕಾಲು ನಡುಗಿ, ಚಲನೆ ನಿಧಾನವಾಗುವ ಮಿದುಳಿನ ಕಾಯಿಲೆ) ಎಂದು ಕೇಳಿದ್ದೀರಿ. ಈಗಲೇ ಹಾಗೆನ್ನಲಾಗದು, ಆದರೆ ಸುಮ್ನೆ ಕನಸು ಅಂತ ಬಿಡಬೇಡಿ.

ಆರ್‌ಇಎಂ ಎನ್ನುವ ಕನಸಿನ ನಿದ್ದೆಯಲ್ಲಿ ಮಿದುಳಿನ ಕಾಂಡ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ಮಂಡಿ ತಟ್ಟಿದರೆ ಕಾಲು ಚಿಮ್ಮುವ ರಿಫ್ಲೆಕ್ಸ್ ಕೂಡ ಆಗ ಕುಗ್ಗಿರುತ್ತದೆ. ಈ ತಡೆ ಕೆಟ್ಟರೆ ಕನಸಿನ ಗುದ್ದು ನಿಜವಾಗಿಯೇ ಬೀಳುತ್ತದೆ, ಪಕ್ಕದಲ್ಲಿ ಮಲಗಿದ ಅಮ್ಮನಿಗೂ! ಇಂಥವರಲ್ಲಿ ಬಹಳಷ್ಟು ಜನಕ್ಕೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಡಿಮೆನ್ಶಿಯಾ ಎಂಬ ಬುದ್ಧಿ ಮಂಕಾಗುವ ಕಾಯಿಲೆ ಬರುತ್ತದೆ. ವಾಸನೆ ತಿಳಿಯದಿದ್ದರೆ, ಮಲಬದ್ಧತೆ ಇದ್ದರೆ ಅನುಮಾನ ಜಾಸ್ತಿ. ಕೆಲವು ಖಿನ್ನತೆ ಮಾತ್ರೆಗಳಿಂದಲೂ ಹೀಗಾಗುವುದುಂಟು.

ದಾವಣಗೆರೆಯಲ್ಲಿ ನರರೋಗ ತಜ್ಞರಿಗೆ ತೋರಿಸಿ. ಖಚಿತಪಡಿಸಲು ಗದ್ದಕ್ಕೂ ವೈರ್ ಅಂಟಿಸಿ ರಾತ್ರಿಯಿಡೀ ಮಾಡುವ ನಿದ್ದೆ ಪರೀಕ್ಷೆ ಬೇಕು. ಅಲ್ಲಿಯವರೆಗೆ ಮಂಚ ಬೇಡ, ಕೆಳಗೆ ಹಾಸಿ ಮಲಗಿಸಿ.