ವಿಲಿಯಂ ಫೋರ್ಸೈತ್ ನಿಜಕ್ಕೂ ಬ್ಯಾಲೆಯನ್ನು ಒಡೆದು ಹಾಕಿದರಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಅಮೆರಿಕದ ನೃತ್ಯ ಸಂಯೋಜಕ ಫೋರ್ಸೈತ್ ಬ್ಯಾಲೆಯನ್ನೇ, ಅಂದರೆ ಯುರೋಪಿನ ಶಾಸ್ತ್ರೀಯ ನೃತ್ಯವನ್ನೇ, ಒಡೆದು ಹಾಕಿದವರು ಅಂತ ಎಲ್ಲ ಕಡೆ ಬರೆಯುತ್ತಾರಲ್ಲ, ಅದು ನಿಜವಾ? ಬ್ಯಾಲೆ ಗೊತ್ತಿಲ್ಲದವರು ಅವರ ಕೆಲಸವನ್ನು ಎಲ್ಲಿಂದ ನೋಡಲು ಶುರು ಮಾಡಬೇಕು?

ನಾನು ಬ್ಯಾಲೆ ಕಲಿತವಳಲ್ಲ, ಭರತನಾಟ್ಯ ಕಲಿತವಳು. ಆದರೆ ಫೋರ್ಸೈತ್ ಅವರ ವಿಡಿಯೊಗಳನ್ನು ವರ್ಷಗಟ್ಟಲೆ ಹುಡುಕಿ ಹುಡುಕಿ ನೋಡಿದ್ದೇನೆ. ನನ್ನ ಉತ್ತರ ನೇರವಾದದ್ದು. ಅವರು ಒಡೆಯಲಿಲ್ಲ. ಬ್ಯಾಲೆಯ ಹೆಜ್ಜೆಗಳನ್ನು ಅವರಷ್ಟು ನಂಬಿದವರೇ ಕಡಿಮೆ.

ಹಳೆಯ ಬ್ಯಾಲೆಯಲ್ಲಿ ಮೈಗೆ ಒಂದೇ ನಡುಬಿಂದು. ಬೆನ್ನುಹುರಿ ನೆಟ್ಟಗೆ ನಿಲ್ಲುತ್ತದೆ, ಕೈಕಾಲುಗಳೆಲ್ಲ ಅಲ್ಲಿಂದ ಹೊರಗೆ ಚಾಚುತ್ತವೆ. ಭರತನಾಟ್ಯದವರಾದ ನಾವು ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಗೆ ಬಾಗಿಸಿದ ಅರೆಕೂತ ಭಂಗಿಯಲ್ಲಿ, ನೆಲದ ಕಡೆಗೆ ಕೂರುತ್ತೇವೆ, ಅವರು ಆಕಾಶದ ಕಡೆಗೆ ಏಳುತ್ತಾರೆ. ಆದರೂ ಭಾರ ನಡುವಿನಿಂದ ತಪ್ಪಬಾರದು ಅನ್ನುವ ಕಟ್ಟುಪಾಡು ಇಬ್ಬರಿಗೂ ಇದೆ. ರುಡಾಲ್ಫ್ ಲಾಬಾನ್ ಎಂಬ ನೃತ್ಯಚಿಂತಕರು ಮೈಯ ಸುತ್ತ ಒಂದು ಘನಾಕೃತಿಯನ್ನು ಊಹಿಸಿಕೊಂಡು, ಎಲ್ಲ ಚಲನೆಯನ್ನೂ ಅದರ ನಡುವಿನಿಂದ ಅಳೆದಿದ್ದರು. ಫೋರ್ಸೈತ್ ಅಲ್ಲೇ ಪ್ರಶ್ನೆ ಎತ್ತಿದರು. ನಡು ಒಂದೇ ಯಾಕಿರಬೇಕು? ಮೊಣಕೈ ಯಾಕಾಗಬಾರದು? ಹಿಮ್ಮಡಿ? ಕಿವಿ? ಹೀಗೆ ಕೇಳಿದ ಕೂಡಲೇ ಗೊತ್ತಿದ್ದ ಹೆಜ್ಜೆಯೇ ಬೇರೆ ಆಗುತ್ತದೆ. ಹೆಜ್ಜೆ ಹಳೆಯದೇ, ಅದು ಹೊರಡುವ ಜಾಗ ಹೊಸದು. ನನ್ನ ಮಟ್ಟಿಗೆ ಅವರ ಇಡೀ ಸಾಧನೆಯ ಬೇರು ಇದೇ.

ಅವರು ಹುಟ್ಟಿದ್ದು 1949ರಲ್ಲಿ, ನ್ಯೂಯಾರ್ಕಿನಲ್ಲಿ. ಫ್ಲಾರಿಡಾದಲ್ಲಿ ಕಲಿತು, ಜೋಫ್ರಿ ಬ್ಯಾಲೆ ಎಂಬ ತಂಡದಲ್ಲಿ ಕುಣಿದು, 1973ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಬ್ಯಾಲೆ ತಂಡಕ್ಕೆ ಹೋದರು. 1976ರಲ್ಲಿ ಮೊದಲ ಕೃತಿ ಮಾಡಿದರು. 1984ರಲ್ಲಿ ಫ್ರಾಂಕ್‌ಫರ್ಟ್ ಬ್ಯಾಲೆ ತಂಡದ ನಿರ್ದೇಶಕರಾದರು. ನಿಜವಾದ ಕಥೆ ಶುರುವಾಗುವುದು ಅಲ್ಲಿ.

ಆ ವರ್ಷವೇ 'ಆರ್ಟಿಫ್ಯಾಕ್ಟ್' ಬಂತು. ಅದರ ಎರಡನೇ ಭಾಗದಲ್ಲಿ ಬಾಖ್‌ನ ಪಿಟೀಲು ಸಂಗೀತ ನಡೆಯುತ್ತಿರುತ್ತದೆ, ವೇದಿಕೆ ತುಂಬ ನರ್ತಕರು. ಇದ್ದಕ್ಕಿದ್ದಂತೆ ಪರದೆ ಧಡ್ ಅಂತ ಕೆಳಗೆ ಬೀಳುತ್ತದೆ. ಸಂಗೀತ ನಿಲ್ಲುವುದಿಲ್ಲ. ಪರದೆ ಮತ್ತೆ ಏಳುವಷ್ಟರಲ್ಲಿ ಎಲ್ಲರೂ ಬೇರೆ ಸಾಲಿನಲ್ಲಿ ನಿಂತಿರುತ್ತಾರೆ. ಇದು ಮತ್ತೆ ಮತ್ತೆ ಆಗುತ್ತದೆ. ಪರದೆ ಬಿದ್ದರೆ ಆಟ ಮುಗಿಯಿತು ಅಂತ ತಾನೇ ನಮ್ಮ ಲೆಕ್ಕ? ಇಲ್ಲಿ ನಮಗೆ ಕಾಣದ ಹೊತ್ತಿನಲ್ಲೂ ನೃತ್ಯ ನಡೆಯುತ್ತಲೇ ಇದೆ ಅನ್ನಿಸುತ್ತದೆ. ನನಗೆ ಅವರ ಕೃತಿಗಳಲ್ಲಿ ಇದರ ಮೇಲೆ ಪ್ರೀತಿ ಜಾಸ್ತಿ.

ಜಗತ್ತಿಗೆ ಅವರ ಹೆಸರು ಮುಟ್ಟಿದ್ದು 1987ರಲ್ಲಿ. ಆಗ ಪ್ಯಾರಿಸ್ ಒಪೆರಾ ಬ್ಯಾಲೆಯ ಮುಖ್ಯಸ್ಥರಾಗಿದ್ದ ರುಡಾಲ್ಫ್ ನುರಿಯೆವ್, ಫೋರ್ಸೈತ್ ಅವರನ್ನು ಕರೆಸಿ ಹೊಸ ಕೃತಿ ಮಾಡಿಸಿದರು. ಅದೇ 'ಇನ್ ದ ಮಿಡಲ್, ಸಮ್‌ವಾಟ್ ಎಲಿವೇಟೆಡ್'. ಖಾಲಿ ವೇದಿಕೆ, ಮೇಲೆ ನೇತು ಹಾಕಿದ ಎರಡು ಚಿನ್ನದ ಬಣ್ಣದ ಚೆರಿ ಹಣ್ಣು, ಕೆಳಗೆ 9 ನರ್ತಕರು. ಕಥೆ ಇಲ್ಲ, ರಾಜಕುಮಾರಿ ಇಲ್ಲ. ಟಾಮ್ ವಿಲೆಮ್ಸ್ ಅವರ ಸಂಗೀತ ಲೋಹಕ್ಕೆ ಲೋಹ ಬಡಿದ ಹಾಗೆ ಅಪ್ಪಳಿಸುತ್ತದೆ. ಹೆಣ್ಣು ಗಂಡು ಒಬ್ಬರನ್ನೊಬ್ಬರು ಹಿಡಿದು, ಬೀಳುವ ಅಂಚಿನವರೆಗೆ ಎಳೆಯುತ್ತಾರೆ. ಆ ಎಳೆತದಿಂದಲೇ ಇಬ್ಬರೂ ನಿಲ್ಲುತ್ತಾರೆ. ಮೊದಲ ಪ್ರದರ್ಶನದಲ್ಲಿ ಫ್ರೆಂಚ್ ನರ್ತಕಿ ಸಿಲ್ವಿ ಗಿಲೆಮ್ ಇದ್ದರು, ವಯಸ್ಸು ಆಗಿನ್ನೂ 22. ಕಾಲಿಗೆ ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಅದೇ ಪಾಯಿಂಟ್ ಶೂ, ಅದೇ ಶಾಸ್ತ್ರೀಯ ಹೆಜ್ಜೆ. ಆದರೆ ವೇಗ, ವಾಲಿಕೆ, ಧೈರ್ಯ ಬೇರೆ. ಆಮೇಲೆ ಬಂದ ಎಷ್ಟೋ ಸಂಯೋಜಕರು ಇದರ ಹೊರಗಿನ ಚಂದವನ್ನು ಮಾತ್ರ ತೆಗೆದುಕೊಂಡರು ಅನ್ನುವುದು ನನ್ನ ಬೇಸರ. ಕಾಲು ಎತ್ತರಕ್ಕೆ ಹೋಯಿತು, ಯೋಚನೆ ಹೋಗಲಿಲ್ಲ.

ಇನ್ನೊಂದು ವಿಷಯವನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅವರು ತಮ್ಮ ವಿದ್ಯೆಯನ್ನು ಮುಚ್ಚಿಡಲಿಲ್ಲ. ತಂಡಕ್ಕೆ ಹೊಸದಾಗಿ ಬಂದವರಿಗೆ ಕಲಿಸಲು ಅಂತ 90ರ ದಶಕದಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಜೆಡ್‌ಕೆಎಂ ಕಲಾಕೇಂದ್ರದ ಜೊತೆ ಸೇರಿ ಒಂದು ಡಿಜಿಟಲ್ ಪಾಠಮಾಲೆ ಮಾಡಿದರು. ಅದನ್ನು 1999ರಲ್ಲಿ ಸಿ.ಡಿ.ಯಾಗಿ ಎಲ್ಲರಿಗೂ ಬಿಟ್ಟರು. ಅದರಲ್ಲಿ ಅವರು ತೋಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆಯುತ್ತಾರೆ, ಪರದೆಯ ಮೇಲೆ ಬಿಳಿ ಗೆರೆ ಮೂಡುತ್ತದೆ. ಆಮೇಲೆ ಆ ಗೆರೆಯನ್ನು ಮಡಚುತ್ತಾರೆ, ಅದರ ಕೆಳಗೆ ನುಸುಳುತ್ತಾರೆ. ನನ್ನಂಥ ಹೊರಗಿನವಳಿಗೂ ಅದು ಪಾಠವಾಯಿತು. ಅಡವು, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳನ್ನು, ಮಾಡುವಾಗ ನನ್ನ ಕೈ ಎಳೆಯುವ ಗೆರೆಗಳನ್ನು ಗಮನಿಸಲು ಶುರು ಮಾಡಿದ್ದು ಅದನ್ನು ನೋಡಿದ ಮೇಲೆಯೇ.

ಇಷ್ಟೆಲ್ಲ ಆದರೂ ಫ್ರಾಂಕ್‌ಫರ್ಟ್ ನಗರ ಖರ್ಚಿನ ಕಾರಣಕ್ಕೆ ಫ್ರಾಂಕ್‌ಫರ್ಟ್ ಬ್ಯಾಲೆ ತಂಡವನ್ನು 2004ರಲ್ಲಿ ಮುಚ್ಚಿತು. ಜಗತ್ತಿನ ಬೇರೆ ಬೇರೆ ಕಡೆಯಿಂದ ವಿರೋಧ ಬಂದರೂ ಉಳಿಯಲಿಲ್ಲ. ಇದನ್ನು ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಅವರು 2005ರಲ್ಲಿ ಚಿಕ್ಕ ತಂಡ ಕಟ್ಟಿಕೊಂಡು ಡ್ರೆಸ್ಡೆನ್ ಮತ್ತು ಫ್ರಾಂಕ್‌ಫರ್ಟ್ ಎರಡು ಕಡೆಯಿಂದ ಕೆಲಸ ಮಾಡಿದರು. 2015ರಲ್ಲಿ ಅದನ್ನೂ ಬಿಟ್ಟು ಅಮೆರಿಕದಲ್ಲಿ ಪಾಠ ಹೇಳಲು ಹೋದರು. ಸುಮ್ನೆ ಕೂರಲಿಲ್ಲ. 2016ರಲ್ಲಿ ಪ್ಯಾರಿಸ್ ಒಪೆರಾ ಬ್ಯಾಲೆಗಾಗಿ ಇಂಗ್ಲಿಷ್ ಗಾಯಕ ಜೇಮ್ಸ್ ಬ್ಲೇಕ್ ಅವರ ಹಾಡುಗಳಿಗೆ ಬ್ಯಾಲೆ ಮಾಡಿದರು. 2018ರಲ್ಲಿ ಲಂಡನ್ನಿನಲ್ಲಿ 12 ಗಂಡಸರಿಗೆ ಪಾಪ್ ಸಂಗೀತದ ಬ್ಯಾಲೆ ಮಾಡಿದರು. ಎರಡರಲ್ಲೂ ಹೆಜ್ಜೆಗಳು ಅಚ್ಚ ಶಾಸ್ತ್ರೀಯ. ಒಡೆದವರು 65 ದಾಟಿದ ಮೇಲೆ ಹೀಗೆ ಖುಷಿಯಾಗಿ ಅಲ್ಲಿಗೇ ವಾಪಸ್ ಬರುತ್ತಾರಾ, ಹೇಳಿ? 2024ರಲ್ಲಿ ಅವರಿಗೆ ಜಪಾನಿನ ಕ್ಯೋಟೊ ಪ್ರಶಸ್ತಿಯೂ ಬಂತು.

ಇನ್ನು ಎಲ್ಲಿಂದ ಶುರು ಮಾಡಬೇಕು ಅಂದರೆ, 'ದ ವರ್ಟಿಜಿನಸ್ ಥ್ರಿಲ್ ಆಫ್ ಎಕ್ಸಾಕ್ಟಿಟ್ಯೂಡ್' ನೋಡಿ. 1996ರದ್ದು, ಚಿಕ್ಕದು, ಶೂಬರ್ಟ್ ಸಂಗೀತ, ತಟ್ಟೆಯ ಹಾಗಿರುವ ಹಸಿರು ಲಂಗ ತೊಟ್ಟ ಮೂವರು ಹೆಂಗಸರು, ಜೊತೆಗೆ ಇಬ್ಬರು ಗಂಡಸರು. ಹಿಡಿಸಿದರೆ 'ಇನ್ ದ ಮಿಡಲ್'ಗೆ ಹೋಗಿ. ಅದೂ ಹಿಡಿಸಿದರೆ 'ಒನ್ ಫ್ಲ್ಯಾಟ್ ಥಿಂಗ್, ರೀಪ್ರೊಡ್ಯೂಸ್ಡ್'. ಅದರಲ್ಲಿ ನರ್ತಕರು 20 ಮೇಜುಗಳನ್ನು ದರದರ ಎಳೆದು ತಂದು, ಅವುಗಳ ಮೇಲೆ, ಕೆಳಗೆ, ಸಂದಿಯಲ್ಲಿ ಕುಣಿಯುತ್ತಾರೆ. ಮೊದಲ ಸಲ ಗಲಾಟೆ ಅನ್ನಿಸಬಹುದು. ಎರಡನೇ ಸಲ ಒಬ್ಬರನ್ನೇ ಹಿಡಿದು, ಅವರು ಯಾರ ಕಡೆ ಕಣ್ಣು ಹಾಯಿಸಿ ಸನ್ನೆ ಪಡೆಯುತ್ತಾರೆ ಅಂತ ನೋಡಿ. ಒಬ್ಬರ ಚಲನೆ ಇನ್ನೊಬ್ಬರಿಗೆ ಸೂಚನೆ, ಇಡೀ ಕೃತಿ ನಿಂತಿರುವುದು ಅದರ ಮೇಲೆಯೇ.