ಹಳೇ ಕೇಸಿಗೂ ಮೊದಲು ಕೆಮಿಸ್ಟ್ರಿ: ಸಂಪಾದಕರ ಉತ್ತರ

ಶಿರಸಿ ಹತ್ತಿರದ ಹಳ್ಳಿಯಿಂದ ನಿವೃತ್ತ ಮಾಸ್ತರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ಅವರ ಮೊಮ್ಮಗಳು ಬಿಎಸ್‌ಸಿ ಎರಡನೇ ವರ್ಷದಲ್ಲಿದ್ದಾಳೆ. ಮೊಬೈಲಿನಲ್ಲಿ ವಿದೇಶದ ಅಧಿಕಾರಿಯೊಬ್ಬರ ಭಾಷಣ ಕೇಳಿದ್ದಾಳೆ. ಅವರು ಮೊದಲು ಪೊಲೀಸ್ ತನಿಖೆ ಮಾಡಿದವರು, ಆಮೇಲೆ ಕಾಲೇಜಿನಲ್ಲಿ ಫೊರೆನ್ಸಿಕ್, ಅಂದರೆ ಅಪರಾಧ ಪತ್ತೆಗೆ ಬಳಸುವ ವಿಜ್ಞಾನದ, ಪಾಠ ಹೇಳಿದವರು. ಈಗ ಪತ್ತೆಯಾಗದ ಹಳೇ ಕೊಲೆ ಕೇಸುಗಳಿಗೆ ಸಲಹೆಗಾರರಂತೆ. 'ನಾನೂ ಕೋಲ್ಡ್ ಕೇಸ್ ಕನ್ಸಲ್ಟೆಂಟ್ ಆಗ್ತೇನೆ' ಎಂದು ಹುಡುಗಿ ಹಟ ಹಿಡಿದಿದ್ದಾಳೆ. ಹೆಣ ಕೊಯ್ಯುವ ಕೆಲಸ ನಮ್ಮ ಮನೆಗೆ ಬೇಡ ಎಂದು ಅಜ್ಜಿ ಊಟ ಬಿಟ್ಟಿದ್ದಾರೆ. ನಮ್ಮಲ್ಲಿ ಇಂಥ ನೌಕರಿ ಇದೆಯಾ, ಎಲ್ಲಿ ಓದಬೇಕು ಎಂದು ಕೇಳಿದ್ದಾರೆ.

ಮಾಸ್ತರ್ರೇ, ನಮಸ್ಕಾರ.

ಮೊದಲು ಅಜ್ಜಿಯವರಿಗೆ ಊಟ ಮಾಡಲು ಹೇಳಿ. ಹೆಣ ಕೊಯ್ಯುವುದು ಡಾಕ್ಟರರ ಕೆಲಸ. ಬಿಎಸ್‌ಸಿ ಓದಿದವರು ಹೋಗುವ ಪ್ರಯೋಗಾಲಯಕ್ಕೆ ಬರುವುದು ಸೀಲು ಹಾಕಿದ ಬಾಟಲಿ, ಕಾಗದದ ಪೊಟ್ಟಣ. ಯಾರೋ ತೋಟಕ್ಕೆ ಹೊಡೆಯುವ ಔಷಧಿ ಕುಡಿದು ಸತ್ತರು ಅಂತಿಟ್ಟುಕೊಳ್ಳಿ. ಹೊಟ್ಟೆ, ಲಿವರ್, ಕಿಡ್ನಿಯ ತುಣುಕುಗಳನ್ನು ಡಾಕ್ಟರರು ಸಾಮಾನ್ಯವಾಗಿ ಗಟ್ಟಿ ಉಪ್ಪುನೀರಿನಲ್ಲಿ ಹಾಕಿ ಕಳಿಸುತ್ತಾರೆ. ಅದರಲ್ಲಿರುವ ವಿಷ ಯಾವುದು ಎಂದು ಹುಡುಕುವುದು ಅಪ್ಪಟ ಕೆಮಿಸ್ಟ್ರಿ.

ಇನ್ನು ನೌಕರಿಯ ಮಾತು. ಕೋಲ್ಡ್ ಕೇಸ್ ಕನ್ಸಲ್ಟೆಂಟ್ ಎಂಬ ಹುದ್ದೆಗೆ ನಮ್ಮಲ್ಲಿ ಯಾರೂ ಅರ್ಜಿ ಕರೆಯುವುದಿಲ್ಲ. ಆರೋಪಿ ಸಿಗದಿದ್ದರೆ ಪೊಲೀಸರು ಪತ್ತೆಯಾಗಲಿಲ್ಲ ಎಂದು 'ಸಿ ರಿಪೋರ್ಟ್' ಹಾಕುತ್ತಾರೆ. ಹೊಸ ಸುಳಿವು ಸಿಕ್ಕಿದಾಗ ಮತ್ತೆ ತನಿಖೆ ಮಾಡುವವರೂ ಪೊಲೀಸರೇ. ಹೊರಗಿನವರಿಗೆ ಆ ಅಧಿಕಾರವಿಲ್ಲ. ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಮಸೂದೆ 2007ರಲ್ಲಿ ಸಂಸತ್ತಿಗೆ ಬಂದಿತ್ತು, ಕಾಯ್ದೆ ಆಗಲಿಲ್ಲ. ಅಮೆರಿಕದಲ್ಲೂ ಇದು ಎಳೆಯರ ಕೆಲಸವಲ್ಲ. ಫಿಲಡೆಲ್ಫಿಯಾದಲ್ಲಿ 1990ರಲ್ಲಿ ಶುರುವಾದ ವಿಡಾಕ್ ಸೊಸೈಟಿ ಎಂಬ ಕೂಟವಿದೆ. ತನಿಖೆ, ಫೊರೆನ್ಸಿಕ್ ಕ್ಷೇತ್ರಗಳಲ್ಲಿ ಪಳಗಿದವರು ಊಟಕ್ಕೆ ಸೇರಿ, ಪೊಲೀಸರು ತಂದ ಹಳೇ ಕೇಸು ಕೇಳಿ ಸಲಹೆ ಕೊಡುತ್ತಾರೆ. ಫೀಸು ತೆಗೆದುಕೊಳ್ಳುವುದಿಲ್ಲ! ಸಲಹೆ ಕೇಳಿಕೊಂಡು ಜನ ಬರಬೇಕಾದರೆ ಹಿಂದೆ ಅಷ್ಟು ವರ್ಷಗಳ ಕೆಲಸ ಇರಬೇಕು. ಹುಡುಗಿ ಭಾಷಣದ ಕೊನೆಯ ಭಾಗಕ್ಕೆ ಮರುಳಾಗಿದ್ದಾಳೆ, ಅಲ್ವಾ?

ಅವಳಿಗೆ ನಾನು ಹೇಳಬೇಕೆಂದಿರುವ ಮಾತು ಬೇರೆಯೇ ಇದೆ. ಹಳೇ ಕೇಸು ಬಗೆಹರಿಯುವುದು ಮೊದಲ ದಿನದ ಕೆಲಸದಿಂದ. ಕ್ಯಾಲಿಫೋರ್ನಿಯಾದಲ್ಲಿ 1970-80ರ ದಶಕಗಳಲ್ಲಿ ಸಾಲು ಸಾಲು ಅತ್ಯಾಚಾರ, ಕೊಲೆ ಮಾಡಿದವನು ಸಿಕ್ಕಿದ್ದು 2018ರಲ್ಲಿ. ಡಿಎನ್‌ಎಯಿಂದ ಅವನ ದೂರದ ಸಂಬಂಧಿಕರನ್ನು ಹುಡುಕಿ, ವಂಶವೃಕ್ಷ ಬಿಡಿಸಿ ಅವನ ತನಕ ಬಂದರು. ಎಲ್ಲರೂ ಈ ಜಾಣತನದ ಕಥೆಯನ್ನೇ ಹೇಳುತ್ತಾರೆ. ಆದರೆ ಡಿಎನ್‌ಎಯಿಂದ ವ್ಯಕ್ತಿಯ ಗುರುತು ಹಿಡಿಯುವ ವಿಧಾನವನ್ನು ಬ್ರಿಟನ್ನಿನ ವಿಜ್ಞಾನಿ ಅಲೆಕ್ ಜೆಫ್ರಿಸ್ ಕಂಡುಹಿಡಿದದ್ದೇ 1984ರಲ್ಲಿ. ಅದಕ್ಕೂ ಮೊದಲಿನ ಕೃತ್ಯಗಳಲ್ಲಿ, ಇದು ಮುಂದೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಗೊತ್ತೇ ಇಲ್ಲದೆ, ಯಾರೋ ಮಾದರಿ ತೆಗೆದು ಚೀಟಿ ಅಂಟಿಸಿ ಕಾಪಾಡಿಟ್ಟಿದ್ದರು. ನನಗೆ ದೊಡ್ಡವರಾಗಿ ಕಾಣುವವರು ಅವರೇ.

ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಎಷ್ಟು ಕಷ್ಟ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ರಕ್ತ ಹತ್ತಿದ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ ಸೀಲು ಮಾಡಬೇಕು. ಶಿರಸಿಯ ಆಷಾಢದಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ! ಜಪ್ತಿ ಮಾಡಿದ ವಸ್ತು ಇಡುವ ಠಾಣೆಯ ಮುದ್ದೆಮಾಲು ಕೋಣೆಯ ಗೋಡೆಯೂ ಬೆವರುತ್ತದೆ. ಕರಾವಳಿಗೆ ಇಳಿದರೆ ನೀರಿನ ಸಮಸ್ಯೆ. ಕಾಳಿ ಅಳಿವೆಯಲ್ಲಿ ಹೆಣ ಸಿಕ್ಕಿತು ಅನ್ನಿ. ಮುಳುಗಿ ಸತ್ತದ್ದೋ, ಸತ್ತ ಮೇಲೆ ಎಸೆದದ್ದೋ? ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಇದೆಯಾ ನೋಡುತ್ತಾರೆ; ಜೀವ ಇದ್ದಾಗ ಮುಳುಗಿದರೆ ಅದು ನೀರಿನ ಜೊತೆ ಒಳಹೋಗಿ ರಕ್ತದ ಮೂಲಕ ಅಲ್ಲಿಗೆ ತಲುಪುತ್ತದೆ. ಸಿಹಿನೀರಿನ ಜಾತಿ ಬೇರೆ, ಸಮುದ್ರದ್ದು ಬೇರೆ. ಹೋಲಿಸಲು ಹೆಣ ಸಿಕ್ಕ ಜಾಗದ ನೀರನ್ನೂ ತುಂಬಿಸಿ ಕಳಿಸಬೇಕು. ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ, ಬೇರೆ ಸಾಕ್ಷ್ಯಕ್ಕೆ ಬಲ ಕೊಡುತ್ತದೆ ಅಷ್ಟೇ. ಅಂಕೋಲಾ ಹತ್ತಿರದ ಶಿರೂರು ನೆನಪಿದೆಯಲ್ಲ? 2024ರ ಜುಲೈ 16ರಂದು ಗುಡ್ಡ ಕುಸಿದು ಲಾರಿಯೊಂದು ನದಿಪಾಲಾಯಿತು. ಗಂಗಾವಳಿ ನದಿಯಿಂದ ಆ ಲಾರಿ ಮತ್ತು ಚಾಲಕನ ದೇಹ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಡಿಎನ್‌ಎ ನೋಡಿಯೇ ಗುರುತು ಖಚಿತ ಮಾಡಿದರು. ಅಪರಾಧವೇ ಆಗಬೇಕೆಂದಿಲ್ಲ, ಮನೆಯವರಿಗೆ ತಮ್ಮವರನ್ನು ಒಪ್ಪಿಸುವುದೂ ಇದೇ ವಿದ್ಯೆ. ಅಜ್ಜಿಗೆ ಇದನ್ನೂ ಹೇಳಿ.

ಕೆಲಸ ಹೆಚ್ಚುವ ಕಾಲವೂ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೊ ಮಾಡಿಸಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಕರ್ನಾಟಕದಲ್ಲಿ 'ಸೋಕೋ' ಎಂದು ಕರೆಯುವ ಅಪರಾಧ ಸ್ಥಳ ಅಧಿಕಾರಿಗಳು ಆಗಲೇ ಇದ್ದಾರೆ. ನನ್ನ ಪ್ರಕಾರ ಅವಳು ಕಣ್ಣಿಡಬೇಕಾದ್ದು ಇಲ್ಲಿ.

ಓದು: ಈಗಿನ ಬಿಎಸ್‌ಸಿಯನ್ನು ಕೆಮಿಸ್ಟ್ರಿ ಬಿಡದೆ ಮುಗಿಸಲಿ. ಆಮೇಲೆ ಎಂಎಸ್‌ಸಿಗೆ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ಫೊರೆನ್ಸಿಕ್ ವಿಭಾಗ ಹಿಂದಿನಿಂದಲೂ ಇದೆ. ಗಾಂಧಿನಗರದ ರಾಷ್ಟ್ರೀಯ ಫೊರೆನ್ಸಿಕ್ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಧಾರವಾಡಕ್ಕೆ ಬಂದಿದೆ. ಮಂಗಳೂರಿನ ರೋಶನಿ ನಿಲಯ ಕಾಲೇಜೂ ಆಗಬಹುದು. ಪಾಠ ಹೇಳುವ ಆಸೆಯಿದ್ದರೆ ಎಂಎಸ್‌ಸಿ ನಂತರ ನೆಟ್ ಪರೀಕ್ಷೆ, ಅದರಲ್ಲಿ ಫೊರೆನ್ಸಿಕ್ ವಿಷಯ ಇದೆ. ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ.

ತನಿಖೆಯನ್ನೇ ಮಾಡಬೇಕೆಂದರೆ ದಾರಿ ಬೇರೆ: ಪಿಎಸ್‌ಐ ಪರೀಕ್ಷೆ. ಅದಕ್ಕೆ ತಾಳ್ಮೆ ಬೇಕು. 2021ರಲ್ಲಿ ನಡೆದ 545 ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನಮ್ಮಲ್ಲಿ ತನಿಖಾಧಿಕಾರಿ ಬೇರೆ, ಲ್ಯಾಬಿನ ವಿಜ್ಞಾನಿ ಬೇರೆ. ಆ ವಿದೇಶಿ ಅಧಿಕಾರಿಯ ಹಾಗೆ ಎರಡೂ ಕಡೆ ಕಾಲಿಡುವುದು ಕಷ್ಟ.

ಹಟ ಗಟ್ಟಿಯೋ ಅಲ್ಲವೋ ನೋಡಲು ಒಂದು ದಾರಿ ಇದೆ. ರಜೆಯಲ್ಲಿ ಕಾರವಾರದ ಜಿಲ್ಲಾ ಕೋರ್ಟಿಗೆ ಕರೆದುಕೊಂಡು ಹೋಗಿ. ಗುಟ್ಟಾಗಿ ನಡೆಸುವ ಪ್ರಕರಣ ಬಿಟ್ಟರೆ ವಿಚಾರಣೆ ಯಾರು ಬೇಕಾದರೂ ನೋಡಬಹುದು. ಸಾಕ್ಷಿ ಹೇಳಲು ಬಂದವರನ್ನು ವಕೀಲರು 'ಸೀಲು ಯಾವಾಗ ಹಾಕಿದಿರಿ, ಲ್ಯಾಬಿಗೆ ಹೋಗುವ ತನಕ ಬಟ್ಟೆ ಯಾರ ಹತ್ತಿರ ಇತ್ತು' ಎಂದು ಗಂಟೆಗಟ್ಟಲೆ ಕೇಳುತ್ತಾರೆ. ಅದು ಬೇಸರ ಅನ್ನಿಸದೆ ಕೂತು ಕೇಳಿದಳೋ, ಧಾರವಾಡದ ಅರ್ಜಿ ತುಂಬಿಸಿ.