ಧನಿಷ್ಠೆಯಲ್ಲಿ ನೋಡುವಂಥದ್ದೇನಿದೆ?

ಪ್ರಶ್ನೆ: 4 ಇಂಚಿನ ದೂರದರ್ಶಕದಲ್ಲಿ ಧನಿಷ್ಠಾ ನಕ್ಷತ್ರದ ಪುಂಜದಲ್ಲಿ ಏನೇನು ಕಾಣಬಹುದು?
– ಓದುಗರೊಬ್ಬರು, ಮುಂಡರಗಿ, ಗದಗ ಜಿಲ್ಲೆ

ಉತ್ತರ: ಪಾಶ್ಚಾತ್ಯರು ಡೆಲ್ಫಿನಸ್ ಎಂದು ಕರೆಯುವ ಈ ಪುಟ್ಟ ಪುಂಜದ ಅತ್ಯುಜ್ವಲ ತಾರೆಯ ಕಾಂತಿಮಾನವೂ (ಹೊಳಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) 3.6 ಮಾತ್ರ, ಆದರೆ ಅಕ್ಟೋಬರ್ ಮೊದಲ ವಾರದ ರಾತ್ರಿ 8ರ ಸುಮಾರಿಗೆ ಅದು ನಿಮ್ಮ ನೆತ್ತಿಯ ಮೇಲೆಯೇ ಇರುವುದರಿಂದ, ಮೋಡವಿಲ್ಲದಿದ್ದರೆ ಕಪ್ಪತಗುಡ್ಡದ ಕಡೆಯ ಕತ್ತಲಲ್ಲಿ ಬರಿಗಣ್ಣಿಗೂ ಸಿಗುತ್ತದೆ. ಮೊದಲು ಗಾಮಾ ತಾರೆಯನ್ನು ನೋಡಿರಿ. ಸುಮಾರು 50 ಪಟ್ಟು ವರ್ಧನೆಯಲ್ಲಿ ಅದು 9 ಕೋನೀಯ ಸೆಕೆಂಡುಗಳಷ್ಟು (ಒಂದು ಕೋನೀಯ ಸೆಕೆಂಡು ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಅಂತರದ, ಒಂದು ಹೊಂಬಣ್ಣದ, ಇನ್ನೊಂದು ತಿಳಿಬಣ್ಣದ ಜೋಡಿಯಾಗಿ ಬೇರ್ಪಡುತ್ತದೆ. ನನ್ನ ಮಟ್ಟಿಗೆ ಇಡೀ ಪುಂಜದ ಸೊಗಸು ಇದೇ. ಸುಮಾರು 50,000 ಜ್ಯೋತಿರ್ವರ್ಷ ದೂರದ ಎನ್‌ಜಿಸಿ 6934 (ಎನ್‌ಜಿಸಿ ಎಂಬುದು ಆಕಾಶಕಾಯಗಳ ಒಂದು ಪಟ್ಟಿ) ಗೋಳಗುಚ್ಛವು, ಅಂದರೆ ಚೆಂಡಿನಂತೆ ಒತ್ತಾಗಿ ಸೇರಿದ ತಾರೆಗಳ ಗುಂಪು, ಮಸುಕಾದ ದುಂಡು ಕಲೆಯಂತೆ ಕಂಡೀತು. ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೂರದಲ್ಲಿರುವ ಎನ್‌ಜಿಸಿ 7006 ಗೋಳಗುಚ್ಛವನ್ನು 8 ಇಂಚಿನ ಉಪಕರಣ ಸಿಗುವವರೆಗೆ ಬಿಟ್ಟುಬಿಡಿ.